ಉಪ್ಪುನೀರಿನ ಗುಂಪು

ಗರಗಸ ನಿಂತ ಮೇಲೂ ಅದರ ಸದ್ದು ಅವನ ಹಲ್ಲುಗಳಲ್ಲಿ ಉಳಿದುಕೊಂಡಿತ್ತು. ಸ್ಟೀಲ್ ಮೇಜಿನ ಮೇಲೆ ಉದ್ದಕ್ಕೆ ಸೀಳಿದ ಎರಡು ಮುಂಗಾಲಿನ ಮೂಳೆಗಳು ಒಳಮೈ ಮೇಲೆ ಮಾಡಿಕೊಂಡು ಅಕ್ಕಪಕ್ಕ ಮಲಗಿದ್ದವು. ಒಂದು ಏಣಿಯದು, ಇನ್ನೊಂದು ಮಣೆಯದು. ಹೆಸರಿಟ್ಟವನು ಕೊಟ್ಟಿಗೆಯ ಮೇಸ್ತ್ರಿ. ಒಂದೇ ವಾರದಲ್ಲಿ ಹುಟ್ಟಿ, ಒಂದೇ ಬಕೆಟ್ಟಿನ ಹಾಲು ಕುಡಿದು, ಒಂದೇ ಹಿಂಡಿ ತಿಂದು ಬೆಳೆದ ಹೋರಿಗರುಗಳು. ದಿನಾ ಬೆಳಿಗ್ಗೆ ಏಣಿಯ ಕತ್ತಿನ ಚರ್ಮದಡಿಗೆ ಬೆಳವಣಿಗೆಯ ಹಾರ್ಮೋನು, ಮಣೆಯ ಕತ್ತಿಗೆ ಬರೀ ಉಪ್ಪುನೀರು. ಹಾರ್ಮೋನು ತೆಗೆದುಕೊಂಡದ್ದು ಕೊಬ್ಬಿಲ್ಲದೆ, ಗಳುವಿನ ಹಾಗೆ ಎತ್ತರಕ್ಕೆ ಹೋಯಿತು. ಉಪ್ಪುನೀರಿನದು ತನ್ನ ಪಾಡಿಗೆ ತಾನು ಅಗಲವಾಗಿ, ದುಂಡಗೆ, ಯಾರ ಗೊಡವೆಯೂ ಇಲ್ಲದೆ ಮೆಲುಕು ಹಾಕುತ್ತಾ ಕೂತಿತು. ಇಡೀ ಸಂಶೋಧನಾ ಕೇಂದ್ರದಲ್ಲಿ ಈಗ ಹಾರ್ಮೋನಿನ ಗುಂಪು, ಉಪ್ಪುನೀರಿನ ಗುಂಪು, ಎರಡರ ಕೊಟ್ಟಿಗೆಯೂ ಖಾಲಿ. ನಿನ್ನೆಯೇ ಎಲ್ಲ ಮುಗಿದಿತ್ತು. ಇವತ್ತು ಉಳಿದದ್ದು ಅಳತೆ.

ಅವನು ಕನ್ನಡಕ ಮೇಲಕ್ಕೆ ಸರಿಸಿ ಬಾಗಿದ. ಮೂಳೆಯ ತುದಿಯಿಂದ ಸ್ವಲ್ಪ ಕೆಳಗೆ, ಕೆಂಪು ಜಾಲರಿಯಂಥ ಒಳಮೂಳೆಯನ್ನು ಅಡ್ಡಕ್ಕೆ ದಾಟುವ ಒಂದು ಗೆರೆ. ಮುತ್ತಿನ ಬಣ್ಣದ ಮೃದ್ವಸ್ಥಿ. ಪ್ರಾಣಿ ಎತ್ತರವಾಗುವುದೆಲ್ಲ ಈ ಗೆರೆಯಲ್ಲೇ. ಗೆರೆ ಇರುವ ತನಕ ಬೆಳವಣಿಗೆ. ಗೆರೆ ಮೂಳೆಯಾಗಿ ಮುಚ್ಚಿಹೋದ ದಿನ, ಮೇಲಿನಿಂದ ದೇವರೇ ಇಳಿದು ಬಂದರೂ ಒಂದು ಕೂದಲೆಳೆಯಷ್ಟೂ ಎಳೆಯಲಾಗದು. ಏಣಿಯ ಗೆರೆ ಮಣೆಯದಕ್ಕಿಂತ ಅಗಲವಾಗಿತ್ತು, ಒದ್ದೆಯಾಗಿ ಹೊಳೆಯುತ್ತಿತ್ತು, ಸತ್ತ ಮೇಲೂ ಇನ್ನೂ ಯಾವುದಕ್ಕೋ ಅವಸರದಲ್ಲಿರುವಂತೆ. ಆದರೆ ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ. ಕೆಳಗೆ, ಮಂಡಿಯ ಕಡೆಗೆ ಜಾರಿತು. ಅಲ್ಲಿ ಕೀಲಿನ ಹೊದಿಕೆ ಸವೆದು, ಹಳೆಯ ಚಪ್ಪಲಿಯ ಅಟ್ಟೆಯಂತೆ ಒರಟಾಗಿತ್ತು. ಏಣಿ ಕೊನೆಕೊನೆಗೆ ನಿಂತು ತಿನ್ನಲಾರದೆ ಮುಂಗಾಲು ಮಡಿಸಿ, ಮೊಣಕಾಲೂರಿ, ಗೋದಲಿಗೆ ಮುಖ ಹಾಕುತ್ತಿತ್ತು. ಯಾರ ಮುಂದೆಯೋ ಕ್ಷಮೆ ಕೇಳುತ್ತಿರುವವರ ಹಾಗೆ. ಇವನು ಸಿರಿಂಜು ಹಿಡಿದು ಬಂದರೆ ಅದೇ ಭಂಗಿಯಲ್ಲೇ ಕತ್ತು ಚಾಚಿ, ಚುಚ್ಚಿಸಿಕೊಂಡು, ಆಮೇಲೆ ಇವನ ಕೈ ನೆಕ್ಕುತ್ತಿತ್ತು. ಆ ನಾಲಿಗೆಯ ಒರಟು ಅವನ ಅಂಗೈಯಲ್ಲಿ ಇವತ್ತಿಗೂ ಇತ್ತು. ಎಷ್ಟು ಸೋಪು ಹಾಕಿದರೂ ಹೋಗದ್ದು.

“ಸಾರ್,” ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ, “ಮುಂದಿನ ಸಲ ನಿಮ್ಮ ಸೂಜಿ ಲೆಕ್ಕದಲ್ಲಿ ನನ್ನನ್ನೂ ಸೇರಿಸ್ಕೊಳ್ಳಿ. ಹೆಂಡ್ತಿಗಿಂತ ನಾಲ್ಕು ಬೆರಳು ಗಿಡ್ಡ ಇದ್ದೀನಿ. ಮದುವೆಯಾದಾಗಿಂದ ಅದೊಂದು ಮಾತು ಕೇಳೀ ಕೇಳೀ ಸಾಕಾಗಿದೆ.”

“ನಿನ್ನ ಗೆರೆ ಮುಚ್ಚಿ ಎಷ್ಟೋ ವರ್ಷ ಆಯ್ತು ಮಾರಾಯ,” ಅಂದ ಇವನು, ತಲೆ ಎತ್ತದೆ.

“ಮತ್ತೆ ಮಂಡಿ ಯಾಕೆ ನೋಯುತ್ತೆ ಹೇಳಿ! ಎತ್ತರಾನೂ ಇಲ್ಲ, ಸುಖಾನೂ ಇಲ್ಲ.” ಮೇಸ್ತ್ರಿ ತನ್ನ ಮಾತಿಗೆ ತಾನೇ ನಕ್ಕು, ಮೇಜಿನ ಮೇಲಿನ ಮೂಳೆಗಳನ್ನು ಕಂಡು ನಗು ಅರ್ಧಕ್ಕೇ ನಿಲ್ಲಿಸಿದ. “ಮನೆಯಿಂದ ಫೋನಿತ್ತು ಸಾರ್. ಆಸ್ಪತ್ರೆಗೆ ಹೊತ್ತಾಯ್ತಂತೆ. ಅಮ್ಮಾವ್ರು, ಮಗು ನೇರ ಅಲ್ಲಿಗೇ ಬರ್ತಾರಂತೆ.”

ಹೊತ್ತಾಯಿತು. ಅವನು ಕೈ ತೊಳೆದ. ಸುಟ್ಟ ಕೂದಲಿನ ವಾಸನೆ, ಗರಗಸದ ಬಿಸಿಗೆ ಮೂಳೆಯ ಪುಡಿ ಬಿಡುವ ವಾಸನೆ, ಉಗುರಿನ ಸಂದಿಯಲ್ಲೇ ಉಳಿಯಿತು. ನಲ್ಲಿಯ ಕೆಳಗೆ ನೀರು ಸುತ್ತಿ ಸುತ್ತಿ ತೂಬಿಗೆ ಇಳಿಯುವುದನ್ನು ನೋಡುತ್ತಾ ನಿಂತ. ಮನೆಯ ಬಚ್ಚಲಿನ ತೂಬೂ ಹೀಗೇ ನೀರು ಕುಡಿಯುತ್ತದೆ, ಗಟಗಟ ಅಂತ, ಕೊನೆಯಲ್ಲಿ ಒಂದು ತೇಗು. ದಿನಾ ಸಂಜೆ ಬಾಗಿಲು ಹಾಕಿಕೊಂಡು, ಆಸ್ಪತ್ರೆಯಲ್ಲಿ ಮಗಳಿಗೆ ಬರೆದುಕೊಟ್ಟ ಹಾರ್ಮೋನಿನ ಸೀಸೆಯ ಬಿಳಿ ಪುಡಿಯನ್ನು ಅದರದೇ ನೀರಿನಲ್ಲಿ ಕರಗಿಸಿ, ನಿಯಮದಂತೆ ಅಲುಗಿಸದೆ ಮೆಲ್ಲಗೆ ಹೊರಳಿಸಿ ತಿಳಿಯಾಗಿಸಿ, ಅಷ್ಟೆಲ್ಲ ಶ್ರದ್ಧೆಯಿಂದ ಮಾಡಿದ್ದನ್ನು ಅವನು ಆ ತೂಬಿಗೆ ಸುರಿಯುತ್ತಿದ್ದ. ಆಮೇಲೆ ಪ್ರಯೋಗಾಲಯದಿಂದ ತಂದ ಶುದ್ಧ ಉಪ್ಪುನೀರನ್ನು ಸಿರಿಂಜಿಗೆ ಎಳೆದುಕೊಂಡು, ಗುಳ್ಳೆ ತೆಗೆದು, ಮಗಳ ಕೋಣೆಗೆ ಹೋಗುತ್ತಿದ್ದ. ಈಚೆಗೆ ಅವನಿಗೆ ಅನ್ನಿಸಲು ಶುರುವಾಗಿತ್ತು: ಆ ತೂಬಿನೊಳಗೆ, ಕೊಳವೆ ತಿರುಗುವಲ್ಲಿ, ಏನೋ ಬೆಳೆಯುತ್ತಿದೆ. ಉದ್ದ ಕೈಕಾಲಿನದು. ಜಾಗ ಸಾಲದೆ ಮೊಣಕಾಲೂರಿಕೊಂಡು ಕೂತಿದೆ. ಮುಖ ತೊಳೆಯುವಾಗ ಅವನು ಕಣ್ಣು ಮುಚ್ಚುತ್ತಿರಲಿಲ್ಲ.

ಬಸ್ಸಿನ ಕಿಟಕಿಯ ಪಕ್ಕ ಕೂತಾಗ, ಹೇಗೆ ಶುರುವಾಯಿತು ಇದು, ಅಂತ ತನ್ನನ್ನು ತಾನೇ ಕೇಳಿಕೊಂಡ. ದಿನಾ ಕೇಳಿಕೊಳ್ಳುವ ಪ್ರಶ್ನೆ. ಶುರುವಾದದ್ದು ಒಳ್ಳೆಯ ಅಭ್ಯಾಸದಿಂದಲೇ. ಅವರ ಕೇಂದ್ರದಲ್ಲಿ ಯಾವ ಕರುವಿಗೂ ಮೊದಲ ದಿನವೇ ಔಷಧ ಕೊಡುವ ಪದ್ಧತಿಯಿಲ್ಲ. ಸೂಜಿ ಕಂಡು ಬೆದರಿದ ಪ್ರಾಣಿಯ ರಕ್ತ ಸತ್ಯ ಹೇಳುವುದಿಲ್ಲ. ಹೆದರಿಕೆಯ ರಸ ಬೇರೆಲ್ಲವನ್ನೂ ಕದಡಿಬಿಡುತ್ತದೆ. ಅದಕ್ಕೆ ಮೊದಲ ಕೆಲವು ದಿನ ಎಲ್ಲ ಕರುಗಳಿಗೂ ಬರೀ ಉಪ್ಪುನೀರು. ಕೈಗೆ ಹೊಂದಿಕೊಳ್ಳಲಿ, ಹೊತ್ತಿಗೆ ಹೊಂದಿಕೊಳ್ಳಲಿ ಅಂತ. ಪಳಗಿಸುವ ದಿನಗಳು ಅನ್ನುತ್ತಿದ್ದರು. ಆಸ್ಪತ್ರೆಯ ಡಾಕ್ಟರಮ್ಮ ಸೀಸೆಗಳ ಪೆಟ್ಟಿಗೆ ಕೊಟ್ಟು ಕಳಿಸಿದ ಸಂಜೆ, ಮಗಳು ಮಂಚದ ಅಂಚಿನಲ್ಲಿ ಲಂಗ ಮೇಲೆತ್ತಿ ತೊಡೆ ತೋರಿಸಿ ಕೂತಿದ್ದಳು. ಹತ್ತು ತುಂಬಿದ್ದರೂ ಏಳರವಳ ತೊಡೆ. ಮನೆಯಲ್ಲಿ ಎಲ್ಲರೂ ಕರೆಯುವುದು ಗುಬ್ಬಿ ಅಂತ. ಇವತ್ತು ಪಳಗಲಿ, ಅಂದುಕೊಂಡಿದ್ದ ಅವನು. ಯೋಚನೆ ಕೂಡ ಮಾಡಿರಲಿಲ್ಲ, ಕೈಯೇ ಉಪ್ಪುನೀರಿನ ಬಾಟಲಿಗೆ ಹೋಗಿತ್ತು. ಮರುದಿನವೂ ಪಳಗಲಿ ಅಂದ. ಆ ವಾರವೇ ಏಣಿ ಮೊದಲ ಸಲ ಮೊಣಕಾಲೂರಿದ್ದು. ಅದಾದ ಮೇಲೆ ನಾಳೆ ಎಂಬುದು ಬಾಗಿಲ ಮೇಲೆ ಬರೆದಿಟ್ಟ ‘ನಾಳೆ ಬಾ’ ಎಂಬುದರ ನಾಳೆಯಾಯಿತು.

ಅವನಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಕರುವಿಗೆ ಕೊಟ್ಟದ್ದು ಅದರ ಮೈ ತಾನೇ ಮಾಡಿಕೊಳ್ಳುವುದರ ಮೇಲೆ, ಹಲವು ಪಟ್ಟು ಹೆಚ್ಚು. ಮಗಳಿಗೆ ಬರೆದುಕೊಟ್ಟದ್ದು ಅವಳ ಮೈ ಮಾಡಬೇಕಾಗಿಯೂ ಮಾಡದೆ ಬಿಟ್ಟದ್ದರ ತುಂಬುವಿಕೆ ಮಾತ್ರ. ಒಂದು ಪ್ರವಾಹ, ಇನ್ನೊಂದು ಬತ್ತಿದ ಬಾವಿಗೆ ಕೊಡ ನೀರು. ಬೇರೆ ಯಾರಾದರೂ ಇವನ ಹಾಗೆ ಮಾಡಿದ್ದರೆ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು, ಎಲ್ಲಿ ದಾರಿ ತಪ್ಪಿದೆ ನೋಡಿ, ಅಂತ ತೋರಿಸುತ್ತಿದ್ದ. ಆದರೆ ಗೊತ್ತಿರುವುದು ತಲೆಯಲ್ಲಿತ್ತು, ಏಣಿಯ ನಾಲಿಗೆ ಅಂಗೈಯಲ್ಲಿತ್ತು. ಸಂಜೆ ಸಿರಿಂಜು ಹಿಡಿಯುವುದು ಅಂಗೈ.

ಮತ್ತು ಗುಬ್ಬಿ, ಆ ಉಪ್ಪುನೀರನ್ನೇ ನಂಬಿ, ಬೆಳೆಯಲು ಶುರುಮಾಡಿದ್ದಳು. ಬೆಳೆದದ್ದು ಎತ್ತರದಲ್ಲಲ್ಲ, ನಡೆಯುವ ಬಗೆಯಲ್ಲಿ. ಬೆನ್ನು ಸೆಟೆದು ನಡೆದಳು. ತಟ್ಟೆಯಲ್ಲಿ ಏನೂ ಬಿಡದೆ ತಿಂದಳು. ಕಪಾಟಿನ ಮೇಲಿನ ಗೂಡಿಗೆ ಕುರ್ಚಿಯಿಲ್ಲದೆ ಕೈ ಚಾಚಿ, ಸಿಗದಿದ್ದಾಗ, “ಇನ್ನು ಸ್ವಲ್ಪ ದಿನ,” ಅಂತ ಗೂಡಿಗೇ ಹೇಳಿ ಬರುತ್ತಿದ್ದಳು. ಶಾಲೆಯ ಫೋಟೋದಲ್ಲಿ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ, ಚಿಕ್ಕ ತರಗತಿಯವರ ಪಕ್ಕ ಕೂರಿಸುತ್ತಾರೆಂದು ಅವಳಿಗೆ ಸಂಕಟ. ಈ ಸಲ ಟೀಚರಿಗೆ ಮೊದಲೇ ತಿಳಿಸಿಬಿಟ್ಟಿದ್ದಳಂತೆ: “ನನ್ನನ್ನು ಹಿಂದಿನ ಸಾಲಿಗೆ ಹಾಕಿ ಮಿಸ್, ಔಷಧಿ ನಡೀತಿದೆ.” ಹೆಂಡತಿ ಇದನ್ನು ನಗುತ್ತಾ ಹೇಳಿದ್ದಳು. ಅವನು ಎದ್ದು ನೀರು ಕುಡಿಯಲು ಹೋಗಿದ್ದ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಆಸ್ಪತ್ರೆಯ ಉದ್ದನೆ ಓಣಿಯ ಕೊನೆಯಲ್ಲಿ ಬೆಂಚಿನ ಮೇಲೆ ಅವರಿಬ್ಬರೂ ಕೂತಿದ್ದರು. ಗುಬ್ಬಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಪ್ಪನನ್ನು ಕಂಡೊಡನೆ ಜಾರಿ ಇಳಿದು ತುದಿಗಾಲಲ್ಲಿ ನಿಂತಳು. “ನೋಡು, ನಿನ್ನ ಶರ್ಟಿನ ಜೇಬಿನ ತನಕ ಬಂದೆ.”

“ತುದಿಗಾಲು ಲೆಕ್ಕಕ್ಕಿಲ್ಲ ಕಣೇ ಕಳ್ಳಿ,” ಅಂದಳು ಹೆಂಡತಿ. ಆಮೇಲೆ ಇವನ ಕಡೆ ಮೂಗು ಸುಕ್ಕಿಸಿ, “ರೀ, ಏನು ವಾಸನೆ ಇದು? ಇವತ್ತಾದ್ರೂ ಶರ್ಟು ಬದಲಾಯಿಸಿ ಬರಬಾರದಿತ್ತಾ?” ಅವಳು ಕರವಸ್ತ್ರದಿಂದ ಅವನ ತೋಳಿನ ಮೇಲಿನ ಏನನ್ನೋ ಕೊಡವಿದಳು. ಬಿಳಿ ಪುಡಿ. ಅದು ಏಣಿಯದೋ ಮಣೆಯದೋ, ಅವನಿಗೆ ಹೇಳಲಾಗುತ್ತಿರಲಿಲ್ಲ. ಒಳಗಿನಿಂದ ನರ್ಸ್ ಹೆಸರು ಕೂಗಿ, ಇವನನ್ನು ಗುರುತು ಹಿಡಿದು, “ಓ, ದನದ ಡಾಕ್ಟರ್ ಮನೆಯವರಾ? ಬನ್ನಿ ಬನ್ನಿ,” ಅಂದಳು. ಓಣಿಯಲ್ಲಿ ಕೂತಿದ್ದ ಎರಡು ಮೂರು ತಾಯಂದಿರು ತಲೆಯೆತ್ತಿ ನೋಡಿದರು. ತಾನು ಡಾಕ್ಟರಲ್ಲ, ಪಶುಗಳ ಅಂತಃಸ್ರಾವದ ಮೇಲೆ ಕೆಲಸ ಮಾಡುವವನು, ಅಂತ ಹೇಳುವ ಹಳೆಯ ಹುಮ್ಮಸ್ಸು ಇವತ್ತು ಬರಲಿಲ್ಲ. ಹಿಂದಿನಿಂದ ಯಾವುದೋ ಮಗುವಿನ ಭಾರವಾದ ಉಸಿರು ಕೇಳಿಸಿತು. ತಿರುಗಿದ. ಆ ಕಡೆ ಯಾರೂ ಇರಲಿಲ್ಲ, ಉದ್ದನೆ ಓಣಿ, ತೊಳೆದ ನೆಲ, ಅದರ ಮೇಲೆ ಎರಡು ಒದ್ದೆ ಗುರುತು, ಮೊಣಕಾಲೂರಿದಂತೆ. ನೆಲ ಒರೆಸುವವಳ ಬಕೆಟ್ಟಿನದಿರಬೇಕು.

ಡಾಕ್ಟರಮ್ಮ ಗುಬ್ಬಿಯನ್ನು ಅಳತೆಪಟ್ಟಿಯ ಕೆಳಗೆ ನಿಲ್ಲಿಸಿದರು. ಹಿಮ್ಮಡಿ ಗೋಡೆಗೆ, ಗಲ್ಲ ನೇರ. ಮಗು ಉಸಿರು ಕಟ್ಟಿ ನಿಂತಿತ್ತು, ಉಸಿರೂ ಎತ್ತರಕ್ಕೆ ಸೇರುತ್ತದೇನೋ ಎಂಬಂತೆ. ಡಾಕ್ಟರಮ್ಮ ಅಳತೆ ನೋಡಿದರು, ಇನ್ನೊಂದು ಸಲ ನೋಡಿದರು. ಹಿಂದಿನ ವಾರ ತೆಗೆದ ರಕ್ತದ ವರದಿಯನ್ನು ಮುಂದಿಟ್ಟುಕೊಂಡು ಕೂತರು.

“ಔಷಧಿ ಹಿಡಿದಿದ್ರೆ ರಕ್ತದಲ್ಲಿ ಮೊದಲು ಗೊತ್ತಾಗಬೇಕು,” ಅಂದರು. “ಇಲ್ಲಿ ಏನೂ ಅಲುಗಾಡಿಲ್ಲ. ಎತ್ತರಾನೂ ಮೊದಲಿನ ಹಾಗೇ ಆಮೆ ನಡಿಗೆ. ಇಂಜೆಕ್ಷನ್ ಯಾರು ಕೊಡ್ತಿರೋದು?”

“ಇವರೇ ಡಾಕ್ಟ್ರೇ,” ಅಂದಳು ಹೆಂಡತಿ, ಧ್ವನಿಯಲ್ಲಿ ಹೆಮ್ಮೆ. “ಒಂದು ದಿನ ತಪ್ಪಿಸಿಲ್ಲ. ಜ್ವರ ಬಂದು ಮಲಗಿದ್ದಾಗಲೂ ಎದ್ದು ಬಂದು ಕೊಟ್ಟರು. ಕರುಗಳಿಗೆ ಕೊಟ್ಟು ಕೊಟ್ಟು ಕೈ ಎಷ್ಟು ಹಗುರ ಆಗಿದೆ ಅಂದ್ರೆ, ಮಗು ಒಂದು ದಿನಾನೂ ಹಾ ಅಂದಿಲ್ಲ.”

ಡಾಕ್ಟರಮ್ಮ ನಕ್ಕರು. “ಹಾಗಾದ್ರೆ ಅನುಮಾನವೇ ಬೇಡ. ಬೇರೆ ಮನೆಯವರಾಗಿದ್ರೆ ಸರಿಯಾಗಿ ಕೊಟ್ಟಿಲ್ಲ ಅಂತ ಮೊದಲು ಅವರನ್ನೇ ಗದರಿಸ್ತಿದ್ದೆ. ಇವರ ಕೈಗೆ ಬಂದ ಔಷಧಿ ದಾರಿ ತಪ್ಪೋದುಂಟಾ?” ಆಮೇಲೆ ನಗು ಮಡಚಿಟ್ಟು ಹೇಳಿದರು: “ಕೆಲವು ಮಕ್ಕಳ ಮೈ ಹೀಗೇ. ಔಷಧಿ ಕರೆಯುತ್ತೆ, ಮೈ ಓಗೊಡಲ್ಲ. ಅಪರೂಪ, ಆದ್ರೆ ಇದೆ. ಪ್ರಮಾಣ ಏರಿಸಿ ನೋಡಬಹುದು. ಆದ್ರೆ ಈ ವರದಿ ನೋಡಿದ್ರೆ ಅದರಲ್ಲೂ ನನಗೆ ನಂಬಿಕೆ ಇಲ್ಲ. ಸುಮ್ಮನೆ ಯಾಕೆ ದಿನಾ ಮಗೂನ ಚುಚ್ಚೋದು? ನಿಲ್ಲಿಸಿಬಿಡೋಣ.”

ಅವನ ಎದೆಯೊಳಗಿನಿಂದ ಏನೋ ಎದ್ದು ಹೊರಗೆ ಹೋಯಿತು. ಎಷ್ಟು ಸುಲಭ! ನಿಲ್ಲಿಸಿಬಿಡೋಣ. ಇನ್ನು ಸಂಜೆಗಳು ಇಲ್ಲ, ತೂಬು ಇಲ್ಲ. ಬೇಕಾಗಿದ್ದದ್ದು ಬೇರೊಬ್ಬರ ಬಾಯಿಂದ, ಬೇರೊಬ್ಬರ ತೀರ್ಮಾನವಾಗಿ, ಪೇಟೆಯಿಂದ ತಂದ ಪೊಟ್ಟಣದಂತೆ ಮಡಿಲಿಗೆ ಬಿದ್ದಿತ್ತು. ಸುಮ್ಮನೆ ಕೂತಿದ್ದರೆ ಸಾಕು. ಮಗಳ ಮಂಡಿಗಳು ಜೀವಮಾನವಿಡೀ ನುಣ್ಣಗಿರುತ್ತವೆ. ಗಿಡ್ಡವಾಗಿಯೇ, ದುಂಡಗೆ, ಯಾರ ಗೊಡವೆಯೂ ಇಲ್ಲದೆ. ಗೋಡೆಯ ಬೆಳಕಿನ ಪೆಟ್ಟಿಗೆಯಲ್ಲಿ ಗುಬ್ಬಿಯ ಎಡಗೈಯ ಎಕ್ಸ್-ರೇ ಸಿಕ್ಕಿಸಿದ್ದರು. ಮಣಿಕಟ್ಟಿನ ಹತ್ತಿರ ಒಂದು ಕಪ್ಪು ಗೆರೆ, ಮೂಳೆಯನ್ನು ಅಡ್ಡಕ್ಕೆ ದಾಟುತ್ತಾ. ಬೆಳಿಗ್ಗೆ ಮೇಜಿನ ಮೇಲೆ ಕಂಡದ್ದೇ. ಆದರೆ ಇದು ಬದುಕಿರುವ ಗೆರೆ. ಇನ್ನೂ ತೆರೆದಿರುವ ಗೆರೆ. ಮಗು ನಕ್ಕಾಗ, ಓಡಿದಾಗ, ಗೂಡಿಗೆ ಕೈ ಚಾಚಿದಾಗ, ಒಳಗೆ ಕತ್ತಲಲ್ಲಿ ಕಾಯುತ್ತಾ ಕೂತಿರುವ ಗೆರೆ. ಯಾರಿಗಾಗಿ? ಯಾವುದಕ್ಕಾಗಿ?

“ನಾನು ಅಲ್ಲಾಡ್ಲೇ ಇಲ್ಲ ಡಾಕ್ಟ್ರೇ,” ಅಂದಳು ಗುಬ್ಬಿ.

ಇನ್ನೂ ಗೋಡೆಗೆ ಹಿಮ್ಮಡಿ ಒತ್ತಿಯೇ ನಿಂತಿದ್ದಳು. ಯಾರೂ ಅವಳಿಗೆ ಕೂರು ಅಂದಿರಲಿಲ್ಲ. “ಒಂದು ದಿನಾನೂ ಅಲ್ಲಾಡಿಲ್ಲ. ಹಾಲೂ ಕುಡಿದೆ. ಬೇಗ ಮಲಗಿದೆ. ಇನ್ನೂ ಸ್ವಲ್ಪ ದಿನ ನೋಡಿ. ನಾನು ಇನ್ನೂ ಸರಿಯಾಗಿ ಮಾಡ್ತೀನಿ.” ಮೂವರು ದೊಡ್ಡವರನ್ನೂ ಒಬ್ಬೊಬ್ಬರಾಗಿ ನೋಡಿ, ಕೊನೆಗೆ ಅವಳ ಕಣ್ಣು ಅಪ್ಪನಲ್ಲಿ ಬಂದು ನಿಂತಿತು. “ಸಾರಿ ಅಪ್ಪ. ನೀನು ದಿನಾ ಅಷ್ಟು ಕಷ್ಟಪಟ್ಟು ಕೊಟ್ಟೆ. ನನ್ನ ಮೈಗೇ ಗೊತ್ತಾಗ್ಲಿಲ್ಲ.”

“ವರದಿ,” ಅಂದ ಅವನು.

“ಏನು? ಲ್ಯಾಬಿನವರ ತಪ್ಪು ಅಂತೀರಾ?”

“ಇಲ್ಲ. ಲ್ಯಾಬು ಸರಿ ಇದೆ. ವರದಿ ಸರಿಯಾಗಿಯೇ ಹೇಳ್ತಿದೆ.” ಅವನು ಮೇಜಿನ ಅಂಚು ಹಿಡಿದುಕೊಂಡ. ಹೇಳಬೇಕಾದ ವಾಕ್ಯಕ್ಕೆ ಮನೆಯ ಭಾಷೆಯಲ್ಲಿ ಮಾತುಗಳೇ ಇರಲಿಲ್ಲ. ಸಿಕ್ಕಿದ್ದು ಕೊಟ್ಟಿಗೆಯ ಭಾಷೆ. “ಇವಳು ಉಪ್ಪುನೀರಿನ ಗುಂಪಿನಲ್ಲಿದ್ದಾಳೆ.”

ಹೆಂಡತಿ ನಕ್ಕಳು. ತಮಾಷೆಗೆ ಹೊತ್ತುಗೊತ್ತು ಬೇಡವಾ ಅನ್ನುವ ಚಿಕ್ಕ ನಗು. ಡಾಕ್ಟರಮ್ಮ ನಗಲಿಲ್ಲ. ಅವರಿಗೆ ಅರ್ಥವಾಗಿತ್ತು, ಅವರೂ ಅದೇ ಪಾಠ ಓದಿದವರು. ಪೆನ್ನಿನ ಮುಚ್ಚಳ ಹಾಕಿ, ಮೆಲ್ಲಗೆ, “ಮೊದಲ ದಿನದಿಂದಾನಾ?” ಅಂದರು.

“ಮೊದಲ ದಿನದಿಂದ.”

“ಔಷಧಿ?”

“ಬಚ್ಚಲಿಗೆ.”

ಆಗ ಹೆಂಡತಿಯ ಮುಖದಲ್ಲಿ ನಗು ಇನ್ನೂ ಇತ್ತು, ಮರೆತು ಬಿಟ್ಟು ಹೋದ ಕೊಡೆಯ ಹಾಗೆ. ಅದನ್ನು ತೆಗೆಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅವಳು ಕೂಗಾಡಲಿಲ್ಲ. ಎದ್ದು ಹೋಗಿ ಗೋಡೆಗೆ ಅಂಟಿ ನಿಂತಿದ್ದ ಮಗಳನ್ನು, ಹತ್ತು ವರ್ಷದವಳೆಂಬುದನ್ನೂ ಮರೆತು, ಎತ್ತಿಕೊಂಡಳು. ಎತ್ತಿಕೊಳ್ಳಲು ಸುಲಭವಾಗಿಯೇ ಇದ್ದಳು. ಡಾಕ್ಟರಮ್ಮ ಹೊಸ ಪೆಟ್ಟಿಗೆ ತರಿಸಿ ಅದನ್ನು ಅವನ ಕಡೆ ಚಾಚದೆ ಮೇಜಿನ ಇನ್ನೊಂದು ಪಕ್ಕಕ್ಕೆ ಸರಿಸಿ, “ಅಮ್ಮ, ನೀವು ಕಲಿತುಕೊಳ್ಳಿ. ಇವತ್ತೇ ಶುರುಮಾಡಿ. ಕಳೆದದ್ದು ಕಳೀತು, ಬಾಗಿಲು ಇನ್ನೂ ಮುಚ್ಚಿಲ್ಲ,” ಅಂದರು. ಹೆಂಡತಿಯ ಕೈಗೆ ಸಿರಿಂಜು ಹಿಡಿಸಿ, ರಬ್ಬರಿನ ತುಂಡಿನ ಮೇಲೆ ತೋರಿಸಿಕೊಟ್ಟರು. ಅವನು ನೋಡುತ್ತಾ ನಿಂತಿದ್ದ. ಅವನಿಗೆ ಬೈಗುಳ ಬೇಕಾಗಿತ್ತು, ಯಾರೂ ಬೈಯಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳು ಇಬ್ಬರ ನಡುವೆ ಕೂತಿದ್ದಳು. ಕಂಡಕ್ಟರ್ ಅವಳನ್ನು ನೋಡಿ, “ಈ ಮರಿಗೆ ಟಿಕೆಟ್ ಬೇಡ ಅಲ್ವಾ?” ಅಂದ, ಉಪಕಾರ ಮಾಡುವವನಂತೆ. “ಹತ್ತು ತುಂಬಿದೆ. ಅರ್ಧ ಟಿಕೆಟ್ ಕೊಡಿ,” ಅಂದಳು ಹೆಂಡತಿ. ತಾನೇನು ತಪ್ಪು ಮಾಡಿದೆನೆಂದು ಕಂಡಕ್ಟರಿಗೆ ಗೊತ್ತಾಗಲಿಲ್ಲ. ಆ ಧ್ವನಿಗೆ ಬೆಚ್ಚಿ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಹೆಂಡತಿ ಕಿಟಕಿಯ ಹೊರಗೆ ನೋಡುತ್ತಲೇ, ಗಾಜಿಗೆ ಹೇಳುವಂತೆ ಹೇಳಿದಳು: “ನಿಮಗೆ ಕರುವಿನ ಮಂಡಿ ಕಾಣಿಸ್ತು. ದಿನಾ ಎದುರಿಗೇ ಕೂತಿದ್ದಳು, ಇವಳು ಕಾಣಿಸ್ಲಿಲ್ಲ.”

ಅವನ ಬಳಿ ಉತ್ತರವಿತ್ತು. ಉದ್ದನೆಯದು, ಪ್ರಮಾಣ, ಅನುಪಾತ, ಭಯ, ಪ್ರೀತಿ ಎಲ್ಲ ಇದ್ದದ್ದು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಮಗಳ ಟಿಕೆಟನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಸಂಜೆ ಹೆಂಡತಿ ಕೋಣೆಯ ದೀಪ ಹಾಕಿ, ಸೀಸೆಯ ಪುಡಿ ಕರಗಿಸಿ, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಾಯಲ್ಲೇ ಒಪ್ಪಿಸುತ್ತಾ ಸಿರಿಂಜಿಗೆ ಎಳೆದುಕೊಂಡಳು. ಅವನು ಹೊಸ್ತಿಲ ಹೊರಗಿದ್ದ. ಗುಬ್ಬಿ ಮಂಚದ ಅಂಚಿನಲ್ಲಿ ಕೂತು ತೊಡೆ ತೋರಿಸಿದ್ದಳು. ಸೂಜಿ ಚರ್ಮದ ಹತ್ತಿರ ಹೋಯಿತು, ನಿಂತಿತು. ಮತ್ತೆ ಹೋಯಿತು, ಮತ್ತೆ ನಿಂತಿತು. “ಚುಚ್ಚಮ್ಮ,” ಅಂತ ಮಗುವೇ ಧೈರ್ಯ ಹೇಳಿತು. ಹೆತ್ತವಳ ಕೈ ಅದು. ಅದಕ್ಕೆ ಈ ಕೆಲಸ ಬರುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದದ್ದಕ್ಕೆ ನಾಚಿಕೆಯಾಯಿತು. ಅವಳು ಎದ್ದು ಬಾಗಿಲಿಗೆ ಬಂದಳು. ಅವನ ಮುಖ ನೋಡದೆ ಸಿರಿಂಜು ಚಾಚಿದಳು.

“ನೀವೇ ಕೊಡಿ. ನಾನು ಇಲ್ಲೇ ನಿಂತು ನೋಡ್ತೀನಿ. ಇವತ್ತೂ, ನಾಳೇನೂ, ದಿನಾ ನೋಡ್ತೀನಿ.”

ಅವನು ಒಳಗೆ ಬಂದು ಮಗಳ ಮುಂದೆ ನೆಲಕ್ಕೆ ಕೂತ. ಬೆನ್ನ ಮೇಲೆ ಹೆಂಡತಿಯ ಕಣ್ಣಿತ್ತು. ಸಿರಿಂಜಿನೊಳಗಿನದು ಉಪ್ಪುನೀರಿನಷ್ಟೇ ತಿಳಿಯಾಗಿತ್ತು, ಕಣ್ಣಿಗೆ ಯಾವ ವ್ಯತ್ಯಾಸವೂ ಇರಲಿಲ್ಲ. ಇಷ್ಟು ವರ್ಷ ಸಾವಿರಾರು ಸಲ ಇದನ್ನು ಮಾಡಿದವನ ಹೆಬ್ಬೆರಳು ಈಗ ಎಲ್ಲಿ ಊರಬೇಕೆಂದು ತಿಳಿಯದೆ ತಡಕಾಡಿತು.

“ಅಪ್ಪ, ಇದು ನಿಜವಾದ್ದಾ?”

“ನಿಜವಾದ್ದು.”

“ಹಾಗಾದ್ರೆ ನೋಯುತ್ತಾ?”

ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಯಾವ ಅಂಗವನ್ನು ಮೊದಲು ತಲುಪುತ್ತದೆ, ಸಕ್ಕರೆಯನ್ನು ಎಷ್ಟು ಏರಿಸುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಇದೊಂದನ್ನು ಯಾವ ಕರುವೂ ಅವನಿಗೆ ಹೇಳಿರಲಿಲ್ಲ; ಅವನೂ ಕೇಳಿರಲಿಲ್ಲ.

“ಗೊತ್ತಿಲ್ಲ ಮರಿ,” ಅಂದ. “ನೀನೇ ನನಗೆ ಹೇಳಬೇಕು.”

ಗುಬ್ಬಿ ತಲೆಯಾಡಿಸಿ ಎರಡೂ ಕೈಯಲ್ಲಿ ಹಾಸಿಗೆಯ ಬಟ್ಟೆ ಹಿಡಿದುಕೊಂಡಳು. ಅವನು ಚರ್ಮ ಮಡಿಸಿ ಹಿಡಿದ, ಸೂಜಿ ಇಳಿಸಿದ, ಒತ್ತಿದ. ಅರ್ಧ ಒಳಗೆ ಹೋಗಿರಬಹುದು, ಮಗುವಿನ ಹುಬ್ಬು ಗಂಟಿಕ್ಕಿತು. ಕೆಳತುಟಿ ಹಲ್ಲಿನಡಿಗೆ ಹೋಯಿತು.

“ಉರೀತಿದೆ.”

ಅವನ ಹೆಬ್ಬೆರಳು ನಿಂತಿತು. ಕಣ್ಣು ಮಂಜಾಗಿ ಎದುರಿಗಿದ್ದ ಚಿಕ್ಕ ಮಂಡಿ ಒಂದು ಗಳಿಗೆ ಬೇರೆ ಯಾವುದರದೋ ಆಯಿತು, ರೋಮ ಮೂಡಿತು, ಊದಿಕೊಂಡಿತು. ಅವನು ಸೂಜಿ ಹಿಂದಕ್ಕೆಳೆಯಲು ಹೊರಟ. ಹಾಸಿಗೆಯ ಬಟ್ಟೆ ಬಿಟ್ಟು ಬಂದ ಒಂದು ಪುಟ್ಟ ಕೈ ಅವನ ಮಣಿಕಟ್ಟನ್ನು, ಅವನು ಊಹಿಸಿರದಷ್ಟು ಬಿಗಿಯಾಗಿ, ಹಿಡಿದುಕೊಂಡಿತು.

“ತೆಗೀಬೇಡ ಅಪ್ಪ,” ಅಂದಳು ಗುಬ್ಬಿ. “ಎಲ್ಲಾ ಹೋಗ್ಲಿ.”